ಹಾಡು ಎಲ್ಲೂ ಹೋಗಿಲ್ಲ: ‘ಸ್ಯಾಕ್ಸೊಫೋನ್ ಕೊಲೊಸಸ್’ ಕೇಳುವುದು ಹೇಗೆ?

ಪ್ರಶ್ನೆ: ನಾನು ಕದ್ರಿ ಗೋಪಾಲನಾಥರ ಕಛೇರಿ ಕೇಳುತ್ತಾ ಬೆಳೆದವನು. ತಾಳ ಹಾಕಿಕೊಂಡು ಕೇಳುವಷ್ಟು ಕರ್ನಾಟಕ ಸಂಗೀತ ಗೊತ್ತು. ಮಗಳು ಅಮೆರಿಕದ ಜಾಜ್ ವಾದಕ ಸನ್ನಿ ರಾಲಿನ್ಸ್ ಅವರ ‘ಸ್ಯಾಕ್ಸೊಫೋನ್ ಕೊಲೊಸಸ್’ ಆಲ್ಬಂ ಕಳಿಸಿ, ‘ಅಪ್ಪಾ, ಇದೂ ಸ್ಯಾಕ್ಸೊಫೋನೇ, ಕೇಳಿ ನೋಡಿ’ ಎಂದಳು. ಮೊದಲನೆಯದು ತುಂಬಾ ಹಿಡಿಸಿತು. ಆಮೇಲೆ ದಾರಿ ತಪ್ಪಿತು. ಒಂದು ನಿಮಿಷ ಹಾಡು ಇರುತ್ತದೆ, ಆಮೇಲೆ ಅದು ಎಲ್ಲಿ ಹೋಗುತ್ತದೆ? ಮನಸ್ಸಿಗೆ ಬಂದದ್ದನ್ನು ನುಡಿಸುತ್ತಾರಾ? ಕೊನೆಯ ಹನ್ನೊಂದು ನಿಮಿಷದ್ದಂತೂ ಯಾವಾಗ ಶುರುವಾಯಿತು ಎನ್ನುವುದೇ ತಿಳಿಯಲಿಲ್ಲ. ಇದಕ್ಕೆ ‘ಹಾರ್ಡ್ ಬಾಪ್’ ಅನ್ನುತ್ತಾರಂತೆ, ಹಾಗಂದರೇನು? ಇದನ್ನು ಕೇಳುವ ಬಗೆ ಹೇಗೆ?

ಉತ್ತರ: ಹಾಡು ಎಲ್ಲೂ ಹೋಗುವುದಿಲ್ಲ. ಕೆಳಗೆ ಹರಿಯುತ್ತಲೇ ಇರುತ್ತದೆ. ಶುರುವಿನಲ್ಲಿ ಒಂದು ಸಲ ಅದನ್ನು ಪೂರ್ತಿ ಹೇಳಿಬಿಡುತ್ತಾರೆ. ಆಮೇಲೆ ನಮಗೆ ಅದು ನೆನಪಿದೆ ಎಂದು ನಂಬಿ ಮುಂದೆ ಹೋಗುತ್ತಾರೆ. ಪೂರ್ವಿಕಲ್ಯಾಣಿ ರಾಗದಲ್ಲಿ ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದು) ನಡೆಯುತ್ತಿರುವಾಗ ಸಾಲು ಯಾವುದು, ಎಡುಪು (ತಾಳದಲ್ಲಿ ಸಾಲು ಶುರುವಾಗುವ ಜಾಗ) ಎಲ್ಲಿ ಎಂದು ನೀವು ಯಾರನ್ನೂ ಕೇಳುವುದಿಲ್ಲ ಅಲ್ವಾ? ಅದು ನಿಮ್ಮೊಳಗೇ ಇರುತ್ತದೆ. ಇಲ್ಲೂ ಅಷ್ಟೇ. ಆದರೆ ಇಲ್ಲಿ ಸಾಹಿತ್ಯ ಇಲ್ಲ, ತಂಬೂರಿ ಇಲ್ಲ. ಹಿಡಿದುಕೊಳ್ಳಲು ಏನಿದೆ ಎನ್ನುವುದು ಹೊಸಬರಿಗೆ ಕಾಣುವುದಿಲ್ಲ. ಅದನ್ನು ತೋರಿಸುವುದಷ್ಟೇ ನನ್ನ ಕೆಲಸ. ತಾಳ ಹಾಕಲು ಬರುವವರಿಗೆ ಇದನ್ನು ತೋರಿಸುವುದು ಬಹಳ ಸುಲಭ.

ಜಾಜ್‌ನಲ್ಲಿ ನಾಲ್ಕು ಬೀಟ್ ಸೇರಿದರೆ ಒಂದು ಬಾರ್. ಎರಡು ಬಾರ್ ಸೇರಿದರೆ ಎಂಟು ಬೀಟ್, ಅಂದರೆ ನಿಮ್ಮ ಆದಿತಾಳದ ಒಂದು ಆವರ್ತ. ಈ ಆಲ್ಬಂನ ಹೆಚ್ಚಿನ ಹಾಡುಗಳನ್ನು ನೀವು ಆದಿತಾಳ ಹಾಕಿಕೊಂಡೇ ಕೇಳಬಹುದು. ಮೊದಲನೆಯದು, ‘ಸೇಂಟ್ ಥಾಮಸ್’, 16 ಬಾರ್‌ಗಳ ಹಾಡು. ಎಂಟು ಆವರ್ತಕ್ಕೆ ಒಂದು ಸುತ್ತು. ವೇಗ ಜಾಸ್ತಿ ಅನಿಸಿದರೆ ಎರಡು ಬೀಟ್‌ಗೆ ಒಂದು ಪೆಟ್ಟು ಹಾಕಿ, ಆಗ ನಾಲ್ಕು ಆವರ್ತಕ್ಕೆ ಸುತ್ತು ಮುಗಿಯುತ್ತದೆ. ಎರಡನೆಯದು 32 ಬಾರ್, ಅಂದರೆ ಹದಿನಾರು ಆವರ್ತ. ಕೊನೆಯ ‘ಬ್ಲೂ 7’ ಹನ್ನೆರಡು ಬಾರ್‌ಗಳ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಒಂದು ಬಗೆ. ಅದು ಆರು ಆವರ್ತ.

ಈ ಒಂದು ಸುತ್ತಿಗೆ ಜಾಜ್‌ನವರು ‘ಕೋರಸ್’ ಅನ್ನುತ್ತಾರೆ. ಅಲ್ಲಿ ಕೋರಸ್ ಎಂದರೆ ಹಿಂದೆ ನಿಂತು ಹಾಡುವವರು ಅಂತ ಅರ್ಥ ಅಲ್ಲ, ಹಾಡಿನ ಒಂದು ಪೂರ್ತಿ ಸುತ್ತು. ಮೊದಲ ಸುತ್ತಿನಲ್ಲಿ ಹಾಡನ್ನು ಇದ್ದ ಹಾಗೆ ನುಡಿಸುತ್ತಾರೆ. ಆಮೇಲಿನ ಪ್ರತಿ ಸುತ್ತಿನಲ್ಲೂ ಹಾಡಿನ ಉದ್ದ ಅಷ್ಟೇ, ತಿರುವುಗಳೂ ಅವೇ. ಮೇಲೆ ನುಡಿಸುವ ಸ್ವರಗಳು ಮಾತ್ರ ಆ ಗಳಿಗೆಗೆ ಹುಟ್ಟಿದವು. ಹಾಗಾಗಿ ಯಾರೂ ಮನಸ್ಸಿಗೆ ಬಂದಂತೆ ನುಡಿಸುತ್ತಿಲ್ಲ. ಒಂದು ಬಾರ್ ಆಚೀಚೆ ಆದರೂ ನಾಲ್ವರಿಗೂ ತಕ್ಷಣ ಗೊತ್ತಾಗುತ್ತದೆ.

ಈಗ ಆ ತಿರುವುಗಳ ವಿಷಯ. ನೀವು ‘ರಾಗ ಎಲ್ಲಿ’ ಎಂದು ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಅದರ ಜಾಗದಲ್ಲಿ ಕಾರ್ಡ್‌ಗಳಿವೆ. ಕಾರ್ಡ್ ಎಂದರೆ ಒಟ್ಟಿಗೆ ಕೇಳುವ ಮೂರು ನಾಲ್ಕು ಸ್ವರ. ಮುಖ್ಯವಾಗಿ ಪಿಯಾನೋ ಅವನ್ನು ನುಡಿಸುತ್ತದೆ, ಬಾಸ್ ಅವುಗಳ ಬುಡವನ್ನು ಹಿಡಿದುಕೊಂಡು ನಡೆಯುತ್ತದೆ. ನಮ್ಮಲ್ಲಿ ಆಧಾರ ಸ್ವರವಾದ ಷಡ್ಜ ಅಲುಗಾಡುವುದಿಲ್ಲ. ಇಲ್ಲಿ ಕೆಲವು ಬೀಟ್‌ಗೊಮ್ಮೆ ನೆಲವೇ ಸರಿಯುತ್ತದೆ. ಬ್ಲೂಸ್‌ನ ಆರು ಆವರ್ತಗಳನ್ನು ತೆಗೆದುಕೊಳ್ಳಿ. ತೀರಾ ಸರಳ ರೂಪದಲ್ಲಿ ಹೇಳುವುದಾದರೆ, ಮೊದಲ ಎರಡು ಆವರ್ತ ಮನೆಯಲ್ಲಿ, ಷಡ್ಜದ ಕಾರ್ಡ್ ಮೇಲೆ. ಮೂರನೆಯದು ಮಧ್ಯಮದ ಕಾರ್ಡ್‌ಗೆ ಹೋಗುತ್ತದೆ. ನಾಲ್ಕನೆಯದು ವಾಪಸ್ ಮನೆಗೆ. ಐದನೆಯದು ಪಂಚಮದ ಕಡೆಗೆ. ಆರನೆಯದು ಮತ್ತೆ ಮನೆ. ಇಷ್ಟೇ ನಕ್ಷೆ. ಇದರ ಮೇಲೆ ಸಾವಿರಾರು ಹಾಡುಗಳು ನಿಂತಿವೆ.

ನೆಲ ಸರಿದರೆ ಏನಾಗುತ್ತದೆ? ನೀವು ಷಡ್ಜವನ್ನೇ ಹಿಡಿದು ನಿಂತಿದ್ದೀರಿ ಎಂದುಕೊಳ್ಳಿ. ಕೆಳಗೆ ಮಧ್ಯಮದ ಕಾರ್ಡ್ ಬಂತು. ಈಗ ಆ ಮಧ್ಯಮವೇ ಆಧಾರ, ನಿಮ್ಮ ಷಡ್ಜ ಅದಕ್ಕೆ ಪಂಚಮ. ಸ್ವರ ಬದಲಾಗಿಲ್ಲ, ಅದರ ಅರ್ಥ ಬದಲಾಯಿತು. ಗ್ರಹಭೇದ ಮಾಡಿದಾಗ, ಅಂದರೆ ರಾಗದ ಬೇರೊಂದು ಸ್ವರವನ್ನೇ ಷಡ್ಜ ಮಾಡಿಕೊಂಡಾಗ, ಕಿವಿಗೆ ಒಂದು ಚಣ ಆಗುತ್ತದಲ್ಲ, ಆ ಅನುಭವ. ಕಛೇರಿಯಲ್ಲಿ ಅದು ಅಪರೂಪಕ್ಕೆ ಸಿಗುವ ಸುಖ. ಜಾಜ್‌ನಲ್ಲಿ ಅದೇ ಊಟ, ಅದೇ ಉಸಿರು. ನಿಮ್ಮ ಕಿವಿ ದಾರಿ ತಪ್ಪಿದ್ದು ಇಲ್ಲೇ ಇರಬೇಕು. ಅದು ಒಂದೇ ಷಡ್ಜಕ್ಕೆ ಕಾಯುತ್ತಿತ್ತು.

ಹಾರ್ಡ್ ಬಾಪ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮುಂತಾದವರು ನ್ಯೂಯಾರ್ಕ್‌ನಲ್ಲಿ ಬೀಬಾಪ್ ಕಟ್ಟಿದರು. ವೇಗ ಜಾಸ್ತಿ, ಕಾರ್ಡ್ ಜಾಸ್ತಿ, ಕುಣಿಯುವವರಿಗಿಂತ ಕೂತು ಕೇಳುವವರಿಗೆ ಹೊಂದುವ ಸಂಗೀತ. ಅದರ ಬೆನ್ನಿಗೆ ‘ಕೂಲ್’ ಎನ್ನುವ ಮೆತ್ತನೆಯ, ತಣ್ಣನೆಯ ಬಗೆ ಬಂತು. 1950ರ ದಶಕದ ನಡುವಿನಲ್ಲಿ ಡೆಟ್ರಾಯಿಟ್, ಫಿಲಡೆಲ್ಫಿಯಾ, ಷಿಕಾಗೊ, ನ್ಯೂಯಾರ್ಕ್‌ಗಳ ಕಪ್ಪು ಜನರ ಕೇರಿಗಳಿಂದ ಬಂದ ಹುಡುಗರು ಬೀಬಾಪ್‌ನ ಜಾಣ್ಮೆಯನ್ನು ಬಿಡದೆ, ತಮ್ಮ ಬ್ಲೂಸನ್ನೂ ಚರ್ಚಿನ ಹಾಡಿನ ಕಾವನ್ನೂ ಅದಕ್ಕೆ ಮತ್ತೆ ತುಂಬಿದರು. ಡ್ರಮ್ಸ್ ಮುಂದೆ ಬಂತು. ಹಾಡಿನ ಮೈ ಗಟ್ಟಿಯಾಯಿತು. ಆರ್ಟ್ ಬ್ಲೇಕಿ, ಹೊರೇಸ್ ಸಿಲ್ವರ್, ಕ್ಲಿಫರ್ಡ್ ಬ್ರೌನ್, ಮ್ಯಾಕ್ಸ್ ರೋಚ್ ಈ ದಾರಿಯ ದೊಡ್ಡ ಹೆಸರುಗಳು. ಹೆಸರಿನ ಹಣೆಪಟ್ಟಿ ಇಷ್ಟು ಸಾಕು. ನಿಮ್ಮ ಆಲ್ಬಂ ಹುಟ್ಟಿದ ದಿನದ ಕಥೆ ಇದಕ್ಕಿಂತ ಮುಖ್ಯ.

1956ರ ಜೂನ್ 22. ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್ ಎಂಬ ಊರು. ರೂಡಿ ವಾನ್ ಗೆಲ್ಡರ್ ಎಂಬ ರೆಕಾರ್ಡಿಂಗ್ ಎಂಜಿನಿಯರ್‌ನ ಅಪ್ಪ ಅಮ್ಮ ಇದ್ದ ಮನೆ. ಆ ಮನೆಯ ನಡುಮನೆಯೇ ಸ್ಟುಡಿಯೊ. ವಾನ್ ಗೆಲ್ಡರ್ ಹೊಟ್ಟೆಪಾಡಿಗೆ ಕಣ್ಣು ಪರೀಕ್ಷೆ ಮಾಡುತ್ತಿದ್ದರು, ಬಿಡುವಿನಲ್ಲಿ ರೆಕಾರ್ಡಿಂಗ್. ಆ ಕಾಲದ ಎಷ್ಟೋ ದೊಡ್ಡ ಜಾಜ್ ಆಲ್ಬಂಗಳು ಆ ನಡುಮನೆಯಲ್ಲೇ ಆದವು. ಆಲ್ಬಂ ತಂದದ್ದು ಪ್ರೆಸ್ಟೀಜ್ ಕಂಪನಿ, ನಿರ್ಮಾಪಕ ಬಾಬ್ ವೈನ್‌ಸ್ಟಾಕ್. ಪ್ರೆಸ್ಟೀಜ್‌ನಲ್ಲಿ ಮೊದಲೇ ದುಡ್ಡು ಕೊಟ್ಟು ರಿಹರ್ಸಲ್ ಮಾಡಿಸುವ ರೂಢಿ ಇರಲಿಲ್ಲ. ಬಂದು, ನುಡಿಸಿ, ಹೋಗುವುದು. ಸುಮಾರು 40 ನಿಮಿಷದ ಈ ಐದು ಹಾಡುಗಳು ಒಂದೇ ದಿನದಲ್ಲಿ ಮುಗಿದವು.

ನುಡಿಸಿದವರು ನಾಲ್ವರು. ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಸನ್ನಿ ರಾಲಿನ್ಸ್, ವಯಸ್ಸು 25. ಪಿಯಾನೋದಲ್ಲಿ ಟಾಮಿ ಫ್ಲ್ಯಾನಗನ್, ಬಾಸ್‌ನಲ್ಲಿ 22ರ ಹುಡುಗ ಡಗ್ ವಾಟ್‌ಕಿನ್ಸ್, ಇಬ್ಬರೂ ಡೆಟ್ರಾಯಿಟ್‌ನವರು. ಡ್ರಮ್ಸ್‌ಗೆ ಮ್ಯಾಕ್ಸ್ ರೋಚ್. ರೋಚ್ ಉಳಿದವರಿಗಿಂತ ಹಿರಿಯರು, ಪಾರ್ಕರ್ ಜೊತೆ ನುಡಿಸಿ ಬಂದವರು.

ರಾಲಿನ್ಸ್ ಆ ದಿನ ಅಲ್ಲಿ ನಿಂತಿದ್ದೇ ದೊಡ್ಡ ವಿಷಯ. ಹಾರ್ಲೆಮ್‌ನಲ್ಲಿ ಬೆಳೆದ ಈ ಹುಡುಗ ಆಗಿನ ಎಷ್ಟೋ ಸಂಗೀತಗಾರರಂತೆ ಹೆರಾಯಿನ್‌ಗೆ ಬಿದ್ದಿದ್ದರು. ಜೈಲು ಕಂಡಿದ್ದರು. 1955ರಲ್ಲಿ ತಾವಾಗಿಯೇ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಆಸ್ಪತ್ರೆಗೆ ಸೇರಿ ಚಟ ಬಿಡಿಸಿಕೊಂಡರು. ಹೊರಬಂದ ಮೇಲೆ ಷಿಕಾಗೊದಲ್ಲಿ ಕಸ ಗುಡಿಸುವ ಕೆಲಸ ಮಾಡಿಕೊಂಡಿದ್ದರು. ಸಂಗೀತದ ಕ್ಲಬ್‌ಗೆ ಕಾಲಿಟ್ಟರೆ ಹಳೆಯ ಸಹವಾಸ ಎದುರಿಗೇ ಇರುತ್ತಿತ್ತು. ಆ ವರ್ಷದ ಕೊನೆಗೆ ಕ್ಲಿಫರ್ಡ್ ಬ್ರೌನ್ ಮತ್ತು ಮ್ಯಾಕ್ಸ್ ರೋಚ್ ಅವರ ತಂಡಕ್ಕೆ ಸೇರಿದರು. ಬ್ರೌನ್ ಟ್ರಂಪೆಟ್ ನುಡಿಸುವವರು, ರಾಲಿನ್ಸ್‌ಗಿಂತ ತಿಂಗಳೆರಡು ತಿಂಗಳಷ್ಟೇ ಚಿಕ್ಕವರು. ಯಾವ ಚಟವೂ ಇಲ್ಲದೆ ಅಷ್ಟು ಚೆನ್ನಾಗಿ ನುಡಿಸಬಹುದು ಎನ್ನುವುದನ್ನು ಬ್ರೌನ್ ಅವರನ್ನು ನೋಡಿ ಕಲಿತೆ ಎಂದು ರಾಲಿನ್ಸ್ ಹೇಳಿಕೊಂಡಿದ್ದಾರೆ.

ಈ ರೆಕಾರ್ಡಿಂಗ್ ಆದ ನಾಲ್ಕೇ ದಿನಕ್ಕೆ, ಜೂನ್ 26ರಂದು, ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತವಾಗಿ ಕ್ಲಿಫರ್ಡ್ ಬ್ರೌನ್ ತೀರಿಕೊಂಡರು. ವಯಸ್ಸು 25. ತಂಡದ ಪಿಯಾನೋ ವಾದಕ ರಿಚಿ ಪೊವೆಲ್, ಅವರ ಹೆಂಡತಿ ನ್ಯಾನ್ಸಿ, ಇಬ್ಬರೂ ಹೋದರು. ಷಿಕಾಗೊದ ಕಾರ್ಯಕ್ರಮಕ್ಕೆ ಹೊರಟಿದ್ದರು. ರಾಲಿನ್ಸ್, ರೋಚ್ ಬೇರೆ ಹೋಗಿದ್ದರು, ಹಾಗಾಗಿ ಉಳಿದರು. ನಾನು ಈ ಆಲ್ಬಂ ಹಾಕಿದಾಗೆಲ್ಲ ಈ ನಾಲ್ಕು ದಿನ ನೆನಪಾಗುತ್ತವೆ. ಇದರಲ್ಲಿ ಕೇಳುವ ಖುಷಿ ಸಾವಿನ ಸುದ್ದಿಗೆ ಮುಂಚಿನದು. ಇಬ್ಬರು ಗೆಳೆಯರು, ಮುಂದೇನು ಕಾದಿದೆ ಎಂದು ತಿಳಿಯದೆ, ಮನಸಾರೆ ನುಡಿಸುತ್ತಿದ್ದಾರೆ.

ನಿಮಗೆ ಹಿಡಿಸಿದ ‘ಸೇಂಟ್ ಥಾಮಸ್’ಗೆ ಬರೋಣ. ಅದು ಯಾಕೆ ಹಿಡಿಸಿತು ಎನ್ನುವುದರಲ್ಲೇ ಉಳಿದವುಗಳ ಬೀಗದ ಕೈ ಇದೆ. ರಾಲಿನ್ಸ್ ಅವರ ಹಿರಿಯರು ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳ ಕಡೆಯವರು. ಸೇಂಟ್ ಥಾಮಸ್ ಅಲ್ಲಿನ ಒಂದು ದ್ವೀಪ. ಚಿಕ್ಕಂದಿನಲ್ಲಿ ಅಮ್ಮನ ಬಾಯಲ್ಲಿ ಕೇಳಿದ ಧಾಟಿ ಇದು. ಆಲ್ಬಂನಲ್ಲಿ ಇದು ರಾಲಿನ್ಸ್ ಹೆಸರಿನಲ್ಲಿದೆ, ಆದರೆ ಧಾಟಿ ಜನಪದದ್ದು. ಅದಕ್ಕೇ ಮೊದಲ ಸಲ ಕೇಳಿದರೂ ಎಲ್ಲೋ ಕೇಳಿದಂತೆ ಇರುತ್ತದೆ.

ಮೊದಲು ರೋಚ್ ಒಬ್ಬರೇ ಕೆರಿಬಿಯನ್ ಹಾಡುಗಳ ಕ್ಯಾಲಿಪ್ಸೊ ನಡೆಯನ್ನು ಹಾಕುತ್ತಾರೆ. ಆಮೇಲೆ ಹಾಡು. ಹಾಡು ಮುಗಿದು ರಾಲಿನ್ಸ್ ಸೋಲೊ (ಒಬ್ಬರು ಮುಂದಾಗಿ ಆ ಗಳಿಗೆಗೆ ಹುಟ್ಟಿಸಿ ನುಡಿಸುವ ಭಾಗ) ಶುರುವಾಗುವ ಜಾಗವನ್ನು ದಯವಿಟ್ಟು ಮೂರು ನಾಲ್ಕು ಸಲ ಕೇಳಿ. ಅವರು ಎರಡೇ ಸ್ವರ ನುಡಿಸುತ್ತಾರೆ. ನಿಲ್ಲಿಸುತ್ತಾರೆ. ಮತ್ತೆ ಅದೇ ಎರಡು ಸ್ವರ. ಮತ್ತೆ ನಿಲುಗಡೆ. ಮುಂದಿನ ಸಲ ಅದನ್ನು ಸ್ವಲ್ಪ ಆಚೆ ಸರಿಸುತ್ತಾರೆ, ಒಂದು ಸ್ವರ ಸೇರಿಸುತ್ತಾರೆ, ತಾಳದ ಬೇರೆ ಜಾಗದಲ್ಲಿ ಇಡುತ್ತಾರೆ. ಕಲ್ಪನಾಸ್ವರದಲ್ಲಿ ಒಳ್ಳೆಯ ವಿದ್ವಾಂಸರು ಎರಡು ಸ್ವರದ ತುಂಡೊಂದನ್ನು ಹಿಡಿದು, ಅದನ್ನು ಬಿಡದೆ ಬೆಳೆಸಿಕೊಂಡು ಹೋಗುತ್ತಾರಲ್ಲ, ಹಾಗೆ. ರಾಲಿನ್ಸ್‌ಗೆ ಬೆರಳ ವೇಗ ಇಲ್ಲ ಅಂತಲ್ಲ. ಅದು ಬೇಕಾದಷ್ಟಿತ್ತು. 25ನೇ ವಯಸ್ಸಿನಲ್ಲಿ, ಎದುರಿಗೆ ಟೇಪ್ ಓಡುತ್ತಿರುವಾಗ, ಎರಡು ಸ್ವರ ನುಡಿಸಿ ಸುಮ್ಮನಿರುವುದಕ್ಕೆ ಇರುವ ಧೈರ್ಯ ನೋಡಿ. ನನ್ನ ಮಟ್ಟಿಗೆ ಇಡೀ ಆಲ್ಬಂನ ಗುಟ್ಟು ಆ ನಿಲುಗಡೆಗಳಲ್ಲಿದೆ.

ಆಮೇಲೆ ರೋಚ್ ಅವರ ತನಿ, ಕಛೇರಿಯಲ್ಲಿ ಮೃದಂಗ ಒಂಟಿಯಾಗಿ ನುಡಿಯುವ ಭಾಗದ ಹಾಗೆ. ಹೌದು, ಇದನ್ನು ತನಿ ಎಂದೇ ಕರೆಯುತ್ತೇನೆ. ಅವರು ಡ್ರಮ್ಸ್ ಅನ್ನು ಶ್ರುತಿ ಮಾಡಿಟ್ಟುಕೊಳ್ಳುತ್ತಿದ್ದರು. ಒಂದೊಂದು ಡ್ರಮ್‌ಗೆ ಒಂದೊಂದು ದನಿ. ಅವರ ತನಿಯಲ್ಲಿ ಹಾಡಿನ ಧಾಟಿಯೇ ಮಾತಾಡುತ್ತದೆ. ನೀವು ತಾಳ ಬಿಡದೆ ಹಾಕುತ್ತಾ, ಒಳಗೊಳಗೇ ಅಮ್ಮನ ಆ ಧಾಟಿಯನ್ನು ಗುನುಗುತ್ತಾ ಕೇಳಿ. ಸುತ್ತು ಎಲ್ಲಿ ಮುಗಿಯಿತು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ತನಿ ಮುಗಿದು ರಾಲಿನ್ಸ್ ಮತ್ತೆ ಬರುವಾಗ ನಡೆ ಬದಲಾಗಿರುತ್ತದೆ. ಕ್ಯಾಲಿಪ್ಸೊ ಹೋಗಿ ‘ಸ್ವಿಂಗ್’ ಬಂದಿರುತ್ತದೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಬೀಟ್‌ನೊಳಗೆ ತಿಸ್ರದ ಛಾಯೆ. ಒಂದು ಬೀಟನ್ನು ಮೂರು ಮಾಡಿ, ಮೊದಲ ಎರಡನ್ನು ಸೇರಿಸಿ ಎಳೆದು, ಮೂರನೆಯದನ್ನು ಚಿಕ್ಕದಾಗಿ ಹಾಕಿದರೆ ಹತ್ತಿರ ಬರುತ್ತದೆ. ಹತ್ತಿರ ಮಾತ್ರ. ಲೆಕ್ಕಕ್ಕೆ ಸರಿಯಾಗಿ ಹಾಕಿದರೆ ಸ್ವಿಂಗ್ ಸತ್ತುಹೋಗುತ್ತದೆ. ಹಾಡು ಅದೇ, ಎಂಟು ಆವರ್ತ ಅವೇ, ನಡೆ ಬೇರೆ. ಕೊನೆಗೆ ಮತ್ತೆ ಕ್ಯಾಲಿಪ್ಸೊ, ಮತ್ತೆ ಹಾಡು.

ಎರಡನೆಯದು, ‘ಯೂ ಡೋಂಟ್ ನೋ ವಾಟ್ ಲವ್ ಈಸ್’, ನಿಧಾನದ ವಿರಹದ ಹಾಡು. ಇದರಲ್ಲಿ ಲೆಕ್ಕ ಬಿಡಿ, ದನಿ ಕೇಳಿ. ಕದ್ರಿಯವರದು ಆಲ್ಟೊ ಸ್ಯಾಕ್ಸೊಫೋನ್, ರಾಲಿನ್ಸ್ ಅವರದು ಟೆನರ್. ಟೆನರ್ ಗಾತ್ರದಲ್ಲಿ ದೊಡ್ಡದು, ದನಿ ಕೆಳಗಿನದು, ಗಂಡಸಿನ ಮಾತಿನ ಸ್ಥಾಯಿಗೆ ಹತ್ತಿರ. ಕದ್ರಿಯವರು ನಾಗಸ್ವರದ ಮನೆತನದಿಂದ ಬಂದವರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಆ ಪಾಶ್ಚಾತ್ಯ ವಾದ್ಯದಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಒದ್ದಾಡಿದರು, ವಾದ್ಯವನ್ನೇ ಒಗ್ಗಿಸಿಕೊಂಡರು. ಅವರ ಗುರಿ ಕಡಿಯದ ಎಳೆ, ಹಾಡುವ ಕಂಠ. ರಾಲಿನ್ಸ್ ಅವರದು ಹಾಡುವುದಕ್ಕಿಂತ ಮಾತಾಡುವ ವಾದನ. ಸ್ವರವನ್ನು ಕಡಿದು ಇಡುತ್ತಾರೆ. ಕೆಲವೊಮ್ಮೆ ಒರಟಾಗಿ, ಕೆಲವೊಮ್ಮೆ ಗೊಣಗುವ ಹಾಗೆ. ಈ ವಿರಹದ ಹಾಡಿನಲ್ಲೂ ಅವರು ಅಳುವುದಿಲ್ಲ. ಎದೆಯಲ್ಲಿದ್ದದ್ದನ್ನು ಎದುರಿಗೆ ಕೂತವರಿಗೆ ಹೇಳಿದ ಹಾಗೆ ನುಡಿಸುತ್ತಾರೆ. ಕದ್ರಿಯವರ ಗಮಕವನ್ನು ಇಲ್ಲಿ ಹುಡುಕಬೇಡಿ. ಮಾತಿನ ಏರಿಳಿತವನ್ನು ಹುಡುಕಿ, ಸಿಗುತ್ತದೆ.

‘ಸ್ಟ್ರೋಡ್ ರೋಡ್’ ಎಲ್ಲಕ್ಕಿಂತ ಚುರುಕಾದದ್ದು, ಹಾರ್ಡ್ ಬಾಪ್ ಎಂದರೆ ಏನು ಎನ್ನುವುದಕ್ಕೆ ಐದು ನಿಮಿಷದ ಉತ್ತರ. ಅದರಲ್ಲಿ ಒಂದು ಜಾಗ ತಪ್ಪಿಸಿಕೊಳ್ಳಬೇಡಿ. ರಾಲಿನ್ಸ್ ಸೋಲೊ ಶುರುವಾಗುವಾಗ ಮಿಕ್ಕವರು ಸರಿದು, ಸ್ಯಾಕ್ಸೊಫೋನ್ ಮತ್ತು ಬಾಸ್ ಎರಡೇ ಉಳಿಯುತ್ತವೆ. ಒಮ್ಮೆಗೇ ಕೋಣೆ ಖಾಲಿಯಾದಂತೆ. ಆಗ ವಾಟ್‌ಕಿನ್ಸ್ ಬಾಸ್ ಹೇಗೆ ದಾರಿ ತೋರಿಸುತ್ತದೆ ಎನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಬಾಸ್ ಕೇಳಿಸುವುದೇ ಇಲ್ಲ. ನೀವು ಫೋನಿನಲ್ಲೇ ಕೇಳಿದ್ದರೆ, ನೆಲವನ್ನೇ ತೆಗೆದುಹಾಕಿ ಕೇಳಿದಂತೆ ಆಗಿದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

‘ಮೊರಿಟಾಟ್’ ಜರ್ಮನ್ ನಾಟಕದ ಹಾಡು. 1928ರಲ್ಲಿ ಬರ್ಲಿನ್‌ನಲ್ಲಿ ಆಡಿದ ‘ತ್ರೀಪೆನಿ ಒಪೆರಾ’ಕ್ಕೆ ಕುರ್ಟ್ ವೈಲ್ ಮಾಡಿದ ಸಂಗೀತ, ಬರ್ಟೋಲ್ಟ್ ಬ್ರೆಕ್ಟ್ ಅವರ ಮಾತು. ಇಂಗ್ಲಿಷ್‌ನಲ್ಲಿ ‘ಮ್ಯಾಕ್ ದ ನೈಫ್’ ಎಂದು ಮನೆಮಾತಾಯಿತು. ಕೊಲೆಗಾರನೊಬ್ಬನ ಕಥೆ ಹೇಳುವ ಲಾವಣಿ ಅದು. ಧಾಟಿ ಮಾತ್ರ ಮಕ್ಕಳ ಪದ್ಯದಷ್ಟು ಸರಳ. ಅದಕ್ಕೇ ನಿಮ್ಮ ಅಭ್ಯಾಸಕ್ಕೆ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಹೀಗೆ ಮಾಡಿ: ಹಾಡಿನ ಭಾಗವನ್ನು ಮಾತ್ರ ನಾಲ್ಕು ಸಲ ಕೇಳಿ ಬಾಯಿಪಾಠ ಮಾಡಿಕೊಳ್ಳಿ. 16 ಬಾರ್, ಎಂಟು ಆವರ್ತ. ಆಮೇಲೆ ಮೊದಲಿಂದ ಹಾಕಿ. ಸೋಲೊ ಶುರುವಾದ ಮೇಲೂ ನೀವು ಹಾಡು ನಿಲ್ಲಿಸಬೇಡಿ. ಮೆಲ್ಲಗೆ ಗುನುಗುತ್ತಲೇ ಇರಿ. ರಾಲಿನ್ಸ್ ನುಡಿಸುತ್ತಿರುವುದು ನಿಮ್ಮ ಹಾಡಿನ ಪಕ್ಕದಲ್ಲಿ, ನಿಮಗೆ ಉತ್ತರವಾಗಿ ಎಂದು ಆಗ ಗೊತ್ತಾಗುತ್ತದೆ. ಕೆಲವು ಕಡೆ ಅವರು ಹಾಡಿನ ಒಂದು ತುಣುಕನ್ನು ಎತ್ತಿ ತೋರಿಸಿ ಓಡುತ್ತಾರೆ. ಗುನುಗದೇ ಕೇಳಿದವರಿಗೆ ಅದು ತಪ್ಪಿಹೋಗುತ್ತದೆ. ಈ ಕೇಳುವ ಬಗೆ ಹೊಸದೇನಲ್ಲ. ಜಾಜ್ ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಇದು.

ಈಗ ನಿಮ್ಮನ್ನು ಕಾಡಿದ ‘ಬ್ಲೂ 7’. ಶುರುವಾದದ್ದೇ ಗೊತ್ತಾಗಲಿಲ್ಲ ಎಂದಿರಿ. ನಿಮ್ಮ ಕಿವಿ ತಪ್ಪು ಮಾಡಿಲ್ಲ. ಅದು ಶುರುವಾಗುವುದೇ ಹಾಗೆ. ವಾಟ್‌ಕಿನ್ಸ್ ಒಬ್ಬರೇ ಬಾಸ್ ಹಿಡಿದು ನಡೆಯುತ್ತಾ ಬರುತ್ತಾರೆ. ಎಲ್ಲಿಗೆ ಹೋಗುತ್ತಿದ್ದಾರೆ ಎನ್ನುವುದನ್ನು ಹೇಳುವುದಿಲ್ಲ. ಆಮೇಲೆ ರಾಲಿನ್ಸ್ ಬಂದು ಕೆಲವೇ ಸ್ವರಗಳನ್ನು ಅಲ್ಲೊಂದು ಇಲ್ಲೊಂದು ಇಡುತ್ತಾರೆ. ಅದೇ ಹಾಡು!

ಆ ಸ್ವರಗಳಲ್ಲಿ ಒಂದು ಜಾಣತನ ಇದೆ. ಅವುಗಳ ನಡುವಿನ ಮುಖ್ಯ ಅಂತರ ಷಡ್ಜದಿಂದ ಪ್ರತಿಮಧ್ಯಮದವರೆಗಿನ ದೂರ. ಹನ್ನೆರಡು ಸ್ವರಸ್ಥಾನಗಳಲ್ಲಿ ಸರಿಯಾಗಿ ಅರ್ಧ, ಆರು. ಕೆಳಗಿನಿಂದ ಎಣಿಸಿದರೂ ಆರು, ಮೇಲಿನಿಂದ ಎಣಿಸಿದರೂ ಆರು. ಷಡ್ಜ-ಪಂಚಮವಾದರೆ ಯಾವುದು ಆಧಾರ ಎಂದು ಕಿವಿ ಥಟ್ಟನೆ ಹೇಳುತ್ತದೆ. ಇಲ್ಲಿ ಎರಡು ಸ್ವರಗಳಲ್ಲಿ ಯಾವುದು ಮನೆ ಎಂದು ಹೇಳಲು ಆಗುವುದಿಲ್ಲ. ಈ ಎರಡು ಸ್ವರಗಳು ಎರಡು ಬೇರೆ ಬೇರೆ ಕಾರ್ಡ್‌ಗಳಿಗೆ ಒಂದೇ ರೀತಿ ಹೊಂದುತ್ತವೆ. ಹಾಗಾಗಿ ಹಾಡು ಎರಡು ಮನೆಯ ನಡುವಿನ ಹೊಸಿಲ ಮೇಲೆ ನಿಂತಿರುತ್ತದೆ. ಕೆಳಗಿನ ಲೆಕ್ಕ ಮಾತ್ರ ಅದೇ ಬ್ಲೂಸ್, ಅದೇ ಆರು ಆವರ್ತ. ಬಾಸ್ ಹಿಡಿದು ತಾಳ ಹಾಕುತ್ತಾ ಹೋದರೆ ನೀವು ಕಳೆದುಹೋಗುವುದಿಲ್ಲ.

1958ರಲ್ಲಿ ಗುಂಥರ್ ಶುಲರ್ ಎಂಬ ಸಂಗೀತಗಾರರು ‘ದ ಜಾಜ್ ರಿವ್ಯೂ’ ಪತ್ರಿಕೆಯಲ್ಲಿ ಈ ಒಂದೇ ಹಾಡಿನ ಮೇಲೆ ದೊಡ್ಡ ಲೇಖನ ಬರೆದರು. ರಾಲಿನ್ಸ್ ಶುರುವಿನ ಆ ಕೆಲವು ಸ್ವರಗಳನ್ನು ಕೊನೆಯವರೆಗೂ ಹೇಗೆ ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ಬಳಸಿದ್ದಾರೆ ಎಂದು ಒಂದೊಂದೇ ತೋರಿಸಿದರು. ಹೊಸ ಹೊಸ ವಿಚಾರಗಳನ್ನು ಪೋಣಿಸುತ್ತಾ ಹೋಗುವ ಸೋಲೊಗೂ, ಒಂದೇ ವಿಚಾರ ಬೆಳೆಯುವ ಸೋಲೊಗೂ ಇರುವ ವ್ಯತ್ಯಾಸ ಅವರ ಮುಖ್ಯ ಮಾತು. ರೋಚ್ ಅವರ ಡ್ರಮ್ಸ್ ಸೋಲೊ ಕೂಡ ಒಂದೆರಡು ಚಿಕ್ಕ ಸೊಲ್ಲುಗಳಿಂದಲೇ ಬೆಳೆಯುತ್ತದೆ ಎಂದು ತೋರಿಸಿದರು. ಮೃದಂಗದ ತನಿ ಕೇಳಿ ಬೆಳೆದ ನಿಮಗೆ ಅದು ತಾನಾಗಿ ಕೇಳಿಸಬೇಕು. ಲೇಖನ ಓದಿದ ರಾಲಿನ್ಸ್‌ಗೆ ಮುಜುಗರವಾಯಿತು. ತಾನು ಹೀಗೆಲ್ಲ ಯೋಚಿಸಿ ನುಡಿಸಿರಲಿಲ್ಲ, ಇನ್ನು ನುಡಿಸುವಾಗ ಇದೇ ತಲೆಗೆ ಬರುತ್ತದೆ ಎನ್ನುವ ಕಷ್ಟ. ವಿಮರ್ಶೆ ಓದುವುದನ್ನೇ ಬಿಡಬೇಕು ಅನ್ನುವಷ್ಟು ಅದು ಅವರನ್ನು ಕಾಡಿತು.

ಶುಲರ್ ತೋರಿಸಿದ್ದು ನಿಜ, ಸ್ವರಗಳು ಅಲ್ಲಿವೆ. ಆದರೆ ಅವರ ಲೇಖನ ಓದಿದರೆ ರಾಲಿನ್ಸ್ ಮನೆಯ ನಕ್ಷೆ ಹಾಕಿ ಕಟ್ಟುವ ಎಂಜಿನಿಯರ್ ಹಾಗೆ ಕಾಣುತ್ತಾರೆ. ನನಗೆ ಕೇಳಿಸುವುದು ಬೇರೆ. ಊರಿನಲ್ಲಿ ಕಥೆ ಹೇಳುವ ಹಿರಿಯರು ಇರುತ್ತಾರಲ್ಲ, ಎಲ್ಲಿಂದ ಎಲ್ಲಿಗೋ ಹೋಗಿ, ಮಧ್ಯೆ ಸುಮ್ನೆ ಒಂದು ಚಣ ಕೂತು, ಮತ್ತೆ ಮೊದಲಿನ ಮಾತಿಗೇ ಬಂದು ಸೇರುವವರು. ಅವರು ಲೆಕ್ಕ ಹಾಕಿ ಬರುವುದಿಲ್ಲ. ಹೇಳುವ ವಿಷಯ ಮನಸ್ಸಿನಿಂದ ಜಾರಿಲ್ಲ, ಅದಕ್ಕೆ ಬರುತ್ತಾರೆ. ರಾಲಿನ್ಸ್ ಅವರದು ಅಂಥ ನೆನಪು.

ಆ ನೆನಪನ್ನೂ ಅವರು ಸುಮ್ಮನೆ ನೆಚ್ಚಿಕೊಂಡು ಕೂರಲಿಲ್ಲ. 1959ರ ಬೇಸಿಗೆಯಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗ, ತನ್ನ ವಾದನ ತನಗೇ ಸಾಲದು ಎನಿಸಿ ಕಾರ್ಯಕ್ರಮ ಕೊಡುವುದನ್ನು ನಿಲ್ಲಿಸಿದರು. ಮನೆಯಲ್ಲಿ ಅಭ್ಯಾಸ ಮಾಡಿದರೆ ಅಕ್ಕಪಕ್ಕದವರಿಗೆ ತೊಂದರೆ. ಹಾಗಾಗಿ ನ್ಯೂಯಾರ್ಕ್‌ನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ನುಡಿಸುತ್ತಿದ್ದರು. ಬಿಸಿಲು, ಚಳಿ ಎನ್ನದೆ, ದಿನಕ್ಕೆ ಎಷ್ಟೋ ಗಂಟೆ, 1961ರವರೆಗೆ. ಲೇಖನವೇ ಇದಕ್ಕೆ ಕಾರಣ ಎಂದು ಕೆಲವರು ಬರೆಯುತ್ತಾರೆ. ಅದು ಕಥೆಯನ್ನು ತೀರಾ ಚಿಕ್ಕದು ಮಾಡಿದಂತೆ. ಸಾಧನೆ ಸಾಲದು ಎಂದು ತಾನೇ ಅರಿತು ಹಿಂದೆ ಸರಿಯುವುದು ಅವರ ಸ್ವಭಾವದಲ್ಲೇ ಇತ್ತು. 1960ರ ದಶಕದ ಕೊನೆಯಲ್ಲಿ ಮತ್ತೆ ಹಾಗೇ ಸರಿದರು. ಆಗ ಅವರು ಬಂದದ್ದು ನಮ್ಮ ದೇಶಕ್ಕೆ. ಮುಂಬೈನ ಪೊವಾಯಿಯಲ್ಲಿದ್ದ ಸ್ವಾಮಿ ಚಿನ್ಮಯಾನಂದರ ಆಶ್ರಮದಲ್ಲಿ ಕೆಲವು ತಿಂಗಳು ಇದ್ದು ಯೋಗ, ವೇದಾಂತ ಕಲಿತರು. ಕಣ್ಣು ಮುಚ್ಚಿ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ, ವಾದ್ಯ ನುಡಿಸುವುದೇ ನಿನ್ನ ಧ್ಯಾನ ಎಂಬ ಮಾತು ಅಲ್ಲಿ ಸಿಕ್ಕಿತು ಎಂದು ಆಮೇಲೆ ನೆನಪಿಸಿಕೊಂಡಿದ್ದಾರೆ.

ಮುಂದೆ ಏನು ಕೇಳಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಆಲ್ಬಂಗೆ ಒಂದು ತಿಂಗಳು ಮುಂಚೆ, 1956ರ ಮೇ 24ರಂದು, ‘ಟೆನರ್ ಮ್ಯಾಡ್‌ನೆಸ್’ ಆಲ್ಬಂನ ಮೊದಲ ಹಾಡಿನಲ್ಲಿ ರಾಲಿನ್ಸ್ ಜೊತೆ ಜಾನ್ ಕೋಲ್ಟ್ರೇನ್ ನುಡಿಸಿದ್ದಾರೆ. ಅದೂ ಬ್ಲೂಸ್, ಆರು ಆವರ್ತ. ಎರಡು ಟೆನರ್‌ಗಳ ಸಂವಾದ. ಯಾರು ಯಾರೆಂದು ಗುರುತಿಸಲು ನೋಡಿ. ದನಿ ದಪ್ಪ, ಮಧ್ಯೆ ಮಧ್ಯೆ ಬಿಡುವು ಇದ್ದರೆ ರಾಲಿನ್ಸ್. ದನಿ ಮೊನಚು, ಸ್ವರಗಳು ದಟ್ಟ ಇದ್ದರೆ ಕೋಲ್ಟ್ರೇನ್. ಹ್ಯಾಂಕ್ ಮೊಬ್ಲಿ ಅವರ 1960ರ ‘ಸೋಲ್ ಸ್ಟೇಷನ್’ ಇನ್ನೊಂದು. ಟೆನರ್‌ನ ದನಿ ಎಷ್ಟು ದುಂಡಗೆ, ಮೃದುವಾಗಿ ಇರಬಹುದು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಕದ್ರಿಯವರನ್ನು ಕೇಳಿದ ಕಿವಿಗೆ ಅದು ಬೇಗ ಹತ್ತುತ್ತದೆ.

1957ರ ನವೆಂಬರ್ 3ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ರಾಲಿನ್ಸ್ ನುಡಿಸಿದ್ದು ಕೂಡ ಆಲ್ಬಂ ಆಗಿ ಸಿಗುತ್ತದೆ. ಅದನ್ನು ಈಗಲೇ ಹಾಕಬೇಡಿ. ಅಲ್ಲಿ ಪಿಯಾನೋ ಇಲ್ಲ, ಕಾರ್ಡ್‌ಗಳನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಬಾಸ್ ಮತ್ತು ಡ್ರಮ್ಸ್ ಎರಡೇ. ‘ಬ್ಲೂ 7’ರ ಆರು ಆವರ್ತಗಳನ್ನು ತಪ್ಪದೆ ಎಣಿಸಲು ಬಂದ ದಿನ ಅದನ್ನು ಹಾಕಿ.